ಗಾರ್ಡ್ ಮುರಿದ ಗರಗಸ ತೋಟಕ್ಕೆ ಬೇಡ

ಮಳೆ ಹಿಡಿಯುವ ಮುನ್ನ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಮರಗಸಿಯ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸದ, ಭರಾಟೆ. ಕತ್ತಿಯ ಜೊತೆಗೆ ಈಗ ಚೈನ್ ಸಾ ಕೂಡ ಬಂದಿದೆ. ಕೆಲಸಕ್ಕೆ ಹೊರಡುವಾಗ ಪೆಟ್ರೋಲ್ ಇದೆಯೇ, ಚೈನ್ ಹರಿತವಾಗಿದೆಯೇ ಎಂದು ನೋಡದವರಿಲ್ಲ. ಅವಿಲ್ಲದಿದ್ದರೆ ಮರ ಕೊಯ್ಯಲಾಗದು. ಚೈನ್ ನಿಲ್ಲಿಸುವ ಬ್ರೇಕ್ ಕೆಟ್ಟಿದ್ದರೂ ಮರ ಕೊಯ್ಯಬಹುದು. ಹಾಗಾಗಿಯೇ ಅದನ್ನು ಯಾರೂ ವಿಚಾರಿಸಿಕೊಳ್ಳುವುದಿಲ್ಲ.

ಮುಂದಿನ ಹಿಡಿಯ ಎದುರಿಗಿರುವ ಗಾರ್ಡ್ ಬರೀ ಕೈಗೆ ಕಡ್ಡಿ ತಾಗದಿರಲಿ ಎಂದು ಇಟ್ಟದ್ದಲ್ಲ, ಅದೇ ಬ್ರೇಕಿನ ಲಿವರ್. ಮುಂದಕ್ಕೆ ತಳ್ಳಿದರೆ ಸ್ಪ್ರಿಂಗಿನ ಬಲಕ್ಕೆ ಕ್ಲಚ್ ಡ್ರಮ್ಮಿನ ಸುತ್ತಲಿನ ಉಕ್ಕಿನ ಪಟ್ಟಿ ಬಿಗಿದುಕೊಂಡು ಚೈನ್ ನಿಲ್ಲುತ್ತದೆ. ಚೈನ್ ಓಡುತ್ತಿರುವಾಗ, ಅದು ಸುತ್ತುವ ಅಲಗಿನಂಥ ಬಾರ್‌ನ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಗರಗಸ ಎಗರಿ ಮುಖದತ್ತ ಬರುತ್ತದೆ. ಈ ಕಿಕ್‌ಬ್ಯಾಕ್ ಎಷ್ಟು ಬೇಗ ಆಗುತ್ತದೆಂದರೆ, ಮನುಷ್ಯ ಬೆಚ್ಚಿಬೀಳುವಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೇ ಬ್ರೇಕ್ ಸರಾಸರಿ 0.12 ಸೆಕೆಂಡಿನೊಳಗೆ ಚೈನ್ ನಿಲ್ಲಿಸಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಪೂರ್ತಿ ವೇಗದಲ್ಲಿ ಚೈನ್ ಓಡುವುದು ಸೆಕೆಂಡಿಗೆ ಸುಮಾರು 20 ಮೀಟರ್. ಲೆಕ್ಕ ಹಾಕಿದರೆ, ನೆಟ್ಟಗಿರುವ ಬ್ರೇಕ್ ಬಿದ್ದ ಮೇಲೂ 18 ಇಂಚಿನ ಬಾರ್ ಮೇಲೆ ಚೈನ್ ಹೆಚ್ಚುಕಡಿಮೆ ಒಂದು ಸುತ್ತು ಓಡಿಯೇ ನಿಲ್ಲುತ್ತದೆ. ಇನ್ನು ಸವೆದ ಪಟ್ಟಿಯನ್ನೋ, ಮರದ ಪುಡಿ ಎಣ್ಣೆ ಸೇರಿ ಮೆತ್ತಿಕೊಂಡ ಡ್ರಮ್ಮನ್ನೋ ನಂಬುವುದು ಹೇಗೆ?

ಪರೀಕ್ಷೆಗೆ ಒಂದು ನಿಮಿಷ ಸಾಕು. ಮೊದಲು ಎಂಜಿನ್ ಬಂದ್ ಇರುವಾಗಲೇ ಗಾರ್ಡನ್ನು ಹಿಂದೆ ಮುಂದೆ ಆಡಿಸಿ, ಬಿರುಕು ಬಿಟ್ಟಿದೆಯೇ, ‘ಟಕ್’ ಎಂದು ಕೂರುತ್ತದೆಯೇ ನೋಡಬೇಕು. ಬಳಿಕ ಗರಗಸವನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಯನ್ನು ಬಲಗಾಲಲ್ಲಿ ಒತ್ತಿ, ಬ್ರೇಕ್ ಹಾಕಿಯೇ ಸ್ಟಾರ್ಟ್ ಮಾಡಬೇಕು. ಎಂಜಿನ್ ಬಿಸಿಯಾದ ಮೇಲೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಬಾರ್ ಯಾವುದಕ್ಕೂ ತಾಗದಂತೆ ಎತ್ತಿ, ಬ್ರೇಕ್ ಬಿಡಿಸಿ ಪೂರ್ತಿ ರೇಸ್ ಮಾಡಬೇಕು. ಆಗ ಎಡಗೈ ಹಿಡಿಯಿಂದ ಕಳಚದೆ, ಮಣಿಕಟ್ಟನ್ನಷ್ಟೇ ಮುಂದಕ್ಕೆ ಹೊರಳಿಸಿ ಗಾರ್ಡ್ ತಳ್ಳಬೇಕು. ಚೈನ್ ಗಕ್ಕನೆ ನಿಲ್ಲಬೇಕು. ಎಳೆದಾಡಿಕೊಂಡು ನಿಂತರೆ ಆ ಯಂತ್ರ ನೇರ ಮೆಕ್ಯಾನಿಕ್ ಹತ್ತಿರ ಹೋಗಲಿ. ನಿಂತೊಡನೆ ಆಕ್ಸಿಲರೇಟರ್ ಬಿಡುವುದನ್ನು ಮರೆಯಬಾರದು. ಬ್ರೇಕ್ ಮೇಲೆಯೇ ರೇಸ್ ಮಾಡುತ್ತಿದ್ದರೆ ಕ್ಲಚ್ ಸುಟ್ಟುಹೋಗುತ್ತದೆ.

ಕೈ ತಾಗದೆಯೂ, ಎಗರಿದ ರಭಸಕ್ಕೇ ಬೀಳುವ ಬ್ರೇಕ್ ಈಗಿನ ಬಹುತೇಕ ಗರಗಸಗಳಲ್ಲಿರುತ್ತದೆ. ಅದನ್ನು ನೋಡುವ ಬಗೆ ಬೇರೆ: ಎಂಜಿನ್ ಬಂದ್ ಮಾಡಿ, ಬ್ರೇಕ್ ಬಿಡಿಸಿ, ಕೈಪಿಡಿ ಹೇಳುವಷ್ಟು ಎತ್ತರದಿಂದ ಬಾರ್‌ನ ತುದಿಯನ್ನು ಮರದ ಬುಡದ ಮೇಲೆ ತನ್ನ ಭಾರಕ್ಕೆ ಬೀಳಬಿಡುವುದು. ತಾಗಿದೊಡನೆ ಬ್ರೇಕ್ ಬೀಳಬೇಕು.

ಇದೆಲ್ಲ ಕೈಪಿಡಿಯಲ್ಲಿದೆ. ಆದರೆ ಕೈಪಿಡಿ ಅಂಗಡಿಯ ಡಬ್ಬದಲ್ಲಿ, ಗರಗಸ ಕೂಲಿಕಾರನ ಕೈಯಲ್ಲಿ. ಇದಕ್ಕೆ ಕೂಲಿಕಾರನನ್ನು ದೂರುವುದು ಸುಲಭ, ಸರಿಯಲ್ಲ. ಗುತ್ತಿಗೆಗೆ ಮರ ಇಳಿಸುವವನಿಗೆ ಯಂತ್ರ ನಿಂತಷ್ಟು ಹೊತ್ತೂ ನಷ್ಟವೇ. ಅಡ್ಡಬರುತ್ತದೆಂದು ಗಾರ್ಡ್ ಕಿತ್ತುಹಾಕಿದರೆ ಅಚ್ಚರಿಯಿಲ್ಲ. ಮಾರುವ ಅಂಗಡಿಯವರು ಈ ಪರೀಕ್ಷೆಯನ್ನು ಗಿರಾಕಿಯ ಕೈಯಲ್ಲೇ ಮಾಡಿಸಿ ಕಳಿಸಲಿ. ತೋಟದ ಮಾಲೀಕರೂ ಮೇಲ್ವಿಚಾರಣೆಯ ರೈಟರೂ ಬೆಳಿಗ್ಗೆ ಹಾಜರಿ ಹಾಕುವಾಗಲೇ ಇದನ್ನು ಕಣ್ಣಾರೆ ನೋಡಲಿ. ಬ್ರೇಕ್ ಹಿಡಿಯದಿದ್ದರೆ ಯಂತ್ರವನ್ನು ರಿಪೇರಿಗೆ ಕಳಿಸಿ, ಆ ದಿನದ ಕೂಲಿಯನ್ನೂ ಕೊಡಬೇಕು. ಕೂಲಿ ಕತ್ತರಿಸಿದರೆ ಮರುದಿನದಿಂದ ಬ್ರೇಕ್ ಕೆಟ್ಟಿದೆ ಎಂದು ಯಾರೂ ಬಾಯಿ ಬಿಡುವುದಿಲ್ಲ.