ಚೆಂದ ಇದೆ ಅನ್ನಬೇಡಿ, ಬರೆದುಕೊಡಿ

ತುಂಬ ದಿನ ಆಯ್ತು ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ಒಂದು ರಿಲೀಸು, ಅದರ ಬೆನ್ನಿಗೇ ಇನ್ನೊಂದು ರಿಲೀಸು, ಮಾಮೂಲಿ ಕಥೆ. ಇವತ್ತು ಬರೀತಿರೋದು ನನ್ನ ಕೆಲಸದ ಬಗ್ಗೆ ಅಲ್ಲ, ಪಕ್ಕದ ರೂಮಿನಲ್ಲಿ ನಡೆಯೋ ಕೆಲಸದ ಬಗ್ಗೆ. ನಮ್ಮಕ್ಕ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೀತಾಳೆ. ಫ್ರೀಲ್ಯಾನ್ಸ್. ಬನಶಂಕರಿಯಲ್ಲಿ ಒಂದೇ ಬಾಡಿಗೆ ಮನೆಯಲ್ಲಿ ಇಬ್ಬರೂ ಇದ್ದೀವಿ.

ಫ್ರೀಲ್ಯಾನ್ಸ್ ಅನ್ನೋ ಪದದಲ್ಲಿ 'ಫ್ರೀ' ಇರೋದೇ ಎಲ್ಲಾ ತೊಂದರೆಗೂ ಮೂಲ ಅಂತ ನನ್ನ ಅನುಮಾನ. ಅಮ್ಮ ಊರಿಂದ ಫೋನ್ ಮಾಡಿದಾಗ "ಅವಳು ಮನೇಲೇ ಇರ್ತಾಳಲ್ಲ, ಗ್ಯಾಸ್ ಬಂದ್ರೆ ತಗೋತಾಳೆ ಬಿಡು" ಅಂತಾಳೆ. ವಾರಕ್ಕೆ ಎರಡು ದಿನ ನಾನೂ ಮನೆಯಿಂದಲೇ ಕೆಲಸ ಮಾಡ್ತೀನಿ. ನನ್ನ ವಿಷಯಕ್ಕೆ ಬಂದರೆ ಮಾತ್ರ "ಅವನು ಮೀಟಿಂಗಲ್ಲಿರ್ತಾನೆ, ಪಾಪ" :-)

ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಬಣ್ಣ, ಬ್ರಷ್ಷು, ಟ್ಯಾಬ್ಲೆಟ್ಟು, ಆನೆ, ಮೊಲ, ಚಂದಮಾಮ... ಎಂಥಾ ಸುಖದ ಕೆಲಸ! ಕಳೆದ ವರ್ಷ ಅವಳು 24 ಪುಟದ ಒಂದು ಪುಸ್ತಕ ಒಪ್ಪಿಕೊಂಡಾಗ ಸುಮ್ಮನೆ ಕುತೂಹಲಕ್ಕೆ ಒಂದು ಎಕ್ಸೆಲ್ ಶೀಟ್ ಮಾಡಿ, ಎಷ್ಟೆಷ್ಟು ಹೊತ್ತು ಯಾವುದಕ್ಕೆ ಹೋಯ್ತು ಅಂತ ದಿನಾ ಬರೆದಿಡೋಕೆ ಹೇಳಿದೆ. ಎಂಜಿನಿಯರ್ ಬುದ್ಧಿ.

ಆಗ ಗೊತ್ತಾಯ್ತು, ಚಿತ್ರ ಬರೆಯೋದು ಅಂದ್ರೆ ಕೂತು ಬರೆಯೋದಲ್ಲ. ದೊಡ್ಡ ಹಾಳೆಯಲ್ಲಿ ಮುದ್ರಿಸಿ ಮಡಚಿ ಕತ್ತರಿಸೋದರಿಂದ ಇಂಥ ಪುಸ್ತಕಗಳ ಪುಟಗಳು ಸಾಮಾನ್ಯವಾಗಿ ಎಂಟರ ಲೆಕ್ಕದಲ್ಲಿ ಇರ್ತವೆ: 16, 24, 32. ಅಷ್ಟರಲ್ಲಿ ಕಥೆಯನ್ನು ಹಂಚಬೇಕು. ಮೊದಲು ಬೆರಳಗಲದ ಪುಟ್ಟ ಪುಟ್ಟ ಚಿತ್ರಗಳಲ್ಲಿ ಇಡೀ ಪುಸ್ತಕ, ಆಮೇಲೆ ಪೆನ್ಸಿಲ್ಲು, ಆಮೇಲೆ ಬಣ್ಣ. ಎರಡು ಪುಟ ಸೇರೋ ಮಡಿಕೆಯಲ್ಲಿ ಯಾರ ಮುಖವೂ ಬರಬಾರದು, ಹೊಲಿಗೆಯೊಳಗೆ ಮೂಗು ಹೋಗಿಬಿಡತ್ತೆ. ಅಂಚಿನಲ್ಲಿ ಕತ್ತರಿಗೆ ಅಂತ ಮೂರು ಮಿಲಿಮೀಟರ್ ಹೆಚ್ಚಿಗೆ ಬರೀಬೇಕು. ಸ್ಕ್ರೀನಿನಲ್ಲಿ ಹೊಳೆಯೋ ಗಿಳಿಹಸಿರು ಪ್ರೆಸ್ಸಿನ ನಾಲ್ಕು ಇಂಕಿನಲ್ಲಿ ಮಂಕಾಗತ್ತೆ, ಅದನ್ನು ಮೊದಲೇ ಅಂದಾಜು ಮಾಡಬೇಕು. ಇಂಗ್ಲಿಷಿನಿಂದ ಕನ್ನಡಕ್ಕೆ ಬರೋ ಪುಸ್ತಕ ಆದ್ರೆ ಅಕ್ಷರಕ್ಕೆ ಜಾಗ ಧಾರಾಳವಾಗಿ ಬಿಡಬೇಕು, ನಮ್ಮ ಒತ್ತಕ್ಷರಗಳಿಗೆ ಸಾಲಿನ ಕೆಳಗೂ ಜಾಗ ಬೇಕಲ್ಲ. ಇದೆಲ್ಲದರ ಮಧ್ಯೆ ಮೊದಲನೇ ಪುಟದ ಹುಡುಗಿಯೇ ಕೊನೇ ಪುಟದಲ್ಲೂ ಇರಬೇಕು: ಅದೇ ಜಡೆ, ಅದೇ ಗಲ್ಲ. ಓದೋಕೆ ಬರದ ಮಗು ಮೊದಲು ಓದೋದೇ ಚಿತ್ರವನ್ನ. ಜಡೆ ಎಡಗಡೆಯಿಂದ ಬಲಗಡೆಗೆ ಹೋದ್ರೆ ನಾವು ಗಮನಿಸಲ್ಲ, ಅದು ಗಮನಿಸತ್ತೆ.

ಶೀಟಿನ ಮೊತ್ತ: 212 ಗಂಟೆ. ಅದರಲ್ಲಿ ಒಪ್ಪಿಕೊಂಡ ಚಿತ್ರಗಳಿಗೆ ಹೋಗಿದ್ದು 137. ದುಡ್ಡಿಗಾಗಿ ಮೇಲ್, ಫೋನು, ಬಿಲ್ಲು, "ಅಕೌಂಟ್ಸ್‌ನವರು ರಜಾ" ಇತ್ಯಾದಿಗೆ 14. ಉಳಿದ 61 ಗಂಟೆ ಬದಲಾವಣೆಗಳಿಗೆ! ಬಣ್ಣ ಎಲ್ಲಾ ಮುಗಿದ ಮೇಲೆ ಒಬ್ಬರಿಗೆ ಅನ್ನಿಸ್ತಂತೆ, "ಹುಡುಗಿಗೆ ಒಂದು ಕನ್ನಡಕ ಹಾಕಿದ್ರೆ ಹೇಗೆ?" ಅಂತ. ಹುಡುಗಿ ಇದ್ದದ್ದು 18 ಚಿತ್ರಗಳಲ್ಲಿ. ಕನ್ನಡಕ ಬಂದ್ರೆ ಕಣ್ಣಿನ ಭಾವವೇ ಬದಲು. ಅಕ್ಕ ಎಲ್ಲವನ್ನೂ ಮತ್ತೆ ಮಾಡಿದಳು. ಆ 61 ಗಂಟೆಗೂ ಈ 14 ಗಂಟೆಗೂ ಸಿಕ್ಕಿದ್ದು ಸೊನ್ನೆ. ಹೊಗಳಿಕೆ ಮಾತ್ರ ಬೇಕಾದಷ್ಟು ಸಿಕ್ತು. "ಎಷ್ಟು ಚೆಂದ ಇದೆ ಮೇಡಂ!"

ಇಲ್ಲಿವರೆಗೆ ಓದಿ ನೀವು ಆ ಪ್ರಕಾಶಕರನ್ನು ಬೈಕೊಳ್ತಿದ್ದರೆ ಸ್ವಲ್ಪ ತಡೀರಿ. ಇದಕ್ಕಿಂತ ದೊಡ್ಡ ತಪ್ಪು ಮಾಡಿದವನು ನಾನೇ.

ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ಗೆಳೆಯರು ಶನಿವಾರ ಭಾನುವಾರ ಕೂತು ಮಕ್ಕಳಿಗೆ ಕನ್ನಡ ಕಥೆಯ ಒಂದು ವೆಬ್‌ಸೈಟ್ ಮಾಡಿದ್ವಿ. ಚಿತ್ರಕ್ಕೆ ಅಕ್ಕ ಇದ್ದಳಲ್ಲ. 12 ಚಿತ್ರ. ಎಲ್ಲಾ ಬರೆದುಕೊಟ್ಟ ಮೇಲೆ ಮೊಬೈಲನ್ನು ಉದ್ದಕ್ಕೆ ಹಿಡಿಯೋ ಬದಲು ಅಡ್ಡಕ್ಕೆ ಹಿಡಿದ್ರೆ ಚೆನ್ನಾಗಿರತ್ತೆ ಅಂತ ನಮಗೆ ಜ್ಞಾನೋದಯ ಆಯ್ತು. ನಮಗೆ ಅದು ಒಂದು ಲೈನಿನ ಚೇಂಜು. ಅವಳಿಗೆ? ಉದ್ದುದ್ದ ಮರಗಳ, ಮೇಲಿನಿಂದ ಸುರಿಯೋ ಮಳೆಯ 12 ಚಿತ್ರಗಳು ಅಡ್ಡಕ್ಕೆ ಮಲಗಬೇಕು. ಅಂದ್ರೆ ಮೊದಲಿಂದ ಶುರು. ಒಂದು ವಾರ ರಾತ್ರಿ ಕೂತು ಮಾಡಿದಳು. ನಾವು ಬಿರಿಯಾನಿ ಕೊಡಿಸಿದ್ವಿ.

ಅಷ್ಟೇ ಆಗಿದ್ದರೆ ಮನೆಯೊಳಗಿನ ಮಾತು ಅಂತ ಮರೀಬಹುದಿತ್ತು. ಈ ಜನವರಿಯಲ್ಲಿ ಒಬ್ಬ ಸಂಪಾದಕರು ಅವಳನ್ನ ಮಳೆಕಾಡಿನ ಬಗ್ಗೆ ಒಂದು ಪುಸ್ತಕಕ್ಕೆ ಕೇಳಿದ್ದರು. ಹಿಂದೆ ಕಾಡಿನ ಚಿತ್ರ ಮಾಡಿದ್ದಿದ್ರೆ ತೋರಿಸಿ ಅಂದ್ರು. ಅಕ್ಕ ನಮ್ಮ ಸೈಟಿನ ಕೊಂಡಿ ಕಳಿಸಿದಳು. "ಇದು ನೀವೇ ಮಾಡಿದ್ದಾ? ನಿಮ್ಮ ಹೆಸರು ಎಲ್ಲೂ ಕಾಣಲಿಲ್ಲ" ಅಂತ ಉತ್ತರ ಬಂತು. ಹೋಗಿ ನೋಡಿದ್ರೆ 'ನಮ್ಮ ಬಗ್ಗೆ' ಪುಟದಲ್ಲಿ ನಾಲ್ಕು ಎಂಜಿನಿಯರುಗಳ ಹೆಸರು, ಫೋಟೋ. ಕೆಳಗೆ ಒಂದು ಸಾಲು: "ಚಿತ್ರಗಳು: ತಂಡ." ಆ ಸಾಲು ಟೈಪ್ ಮಾಡಿದ್ದು ನಾನು. ಆ ಪುಸ್ತಕ ಅವಳಿಗೆ ಸಿಗಲಿಲ್ಲ. ಕಾರಣ ಇದೇನಾ ಅಂತ ಯಾರೂ ಹೇಳಲಿಲ್ಲ, ಅವಳೂ ನನ್ನನ್ನ ಏನೂ ಅನ್ನಲಿಲ್ಲ. ದೋಸೆ ಹುಯ್ಯುತ್ತಾ ನಗುನಗುತ್ತಾ ಹೇಳಿ ಮುಗಿಸಿದಳು. ನನಗೆ ದೋಸೆ ಗಂಟಲಲ್ಲಿ ಇಳೀಲಿಲ್ಲ.

ಆಮೇಲೆ ಕಾನೂನು ಏನನ್ನತ್ತೆ ಅಂತ ಓದಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಪೇಂಟಿಂಗಿಗೆ, ಬೇರೆ ಒಪ್ಪಂದ ಏನೂ ಇಲ್ಲದಿದ್ರೆ, ಬರೆಸಿದವರೇ ಹಕ್ಕಿನ ಮೊದಲ ಒಡೆಯರು. ಅಂದ್ರೆ ಬಾಯಿಮಾತಲ್ಲೇ ಎಲ್ಲಾ ನಡೆದರೆ ನಷ್ಟ ಚಿತ್ರ ಬರೆದವರಿಗೇ. ಆದ್ರೆ 19ನೇ ಸೆಕ್ಷನ್ ಪ್ರಕಾರ ಹಕ್ಕನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೊಡೋದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ರೆ ಅದು ಐದೇ ವರ್ಷಕ್ಕೆ. ಹಕ್ಕು ಮಾರಿದ ಮೇಲೂ 'ಇದು ನಾನು ಮಾಡಿದ್ದು' ಅನ್ನೋ ಅಧಿಕಾರ 57ನೇ ಸೆಕ್ಷನ್ ಅಡಿ ಕಲಾವಿದರ ಹತ್ರವೇ ಉಳಿಯತ್ತೆ. ಇನ್ನು ದುಡ್ಡಿನ ಮಾತು. ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳತ್ತೆ. ಒಬ್ಬಳೇ ಕೂತು ಚಿತ್ರ ಬರೆಯೋ ಅಕ್ಕನೂ ನೋಂದಣಿ ಮಾಡಿಸಬಹುದು. ಮಾಡಿಸಿದೀವಿ.

ಚಂದಾಮಾಮದಲ್ಲಿ ವಿಕ್ರಮ ಬೇತಾಳನ ಚಿತ್ರ ಬರೀತಿದ್ದ ಕೆ.ಸಿ. ಶಿವಶಂಕರನ್, ಅದೇ ನಮ್ಮ 'ಶಂಕರ್', 1950ರ ದಶಕದ ಶುರುವಿನಲ್ಲಿ ಅಲ್ಲಿ ಕೆಲಸಕ್ಕೆ ಸೇರಿ ದಶಕಗಟ್ಟಲೆ ಬರೆದರು. ಅವರದು ಸಂಬಳದ ಕೆಲಸ, ಚಿತ್ರದ ಮೂಲೆಯಲ್ಲಿ ಅವರ ಸಹಿ. 2020ರಲ್ಲಿ ಅವರು ತೀರಿಕೊಂಡಾಗ ನಮ್ಮಪ್ಪನ ವಯಸ್ಸಿನವರಿಗೂ ತಕ್ಷಣ ಯಾರು ಅಂತ ಗೊತ್ತಾಯ್ತು, ಆ ಸಹಿಯಿಂದ. ಇವತ್ತು ಪತ್ರಿಕೆಗಳಲ್ಲಿ ಅಂಥ ಸಂಬಳದ ಕೆಲಸ ಹುಡುಕಿದರೂ ಸಿಗೋದು ಕಷ್ಟ. ಪುಸ್ತಕಕ್ಕಿಷ್ಟು ಅನ್ನೋ ಲೆಕ್ಕ. ಸರಿ, ಕಾಲ ಬದಲಾಗಿದೆ. ಹಾಗಾದ್ರೆ ಸಂಬಳ ಕೊಡ್ತಿದ್ದ ಭದ್ರತೆಯನ್ನ ಈಗ ಒಂದು ಕಾಗದವಾದ್ರೂ ಕೊಡಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ನೋಡಿ. ಕಥೆಗಳನ್ನ ಯಾರು ಬೇಕಾದರೂ ಬಳಸಬಹುದು, ಅನುವಾದ ಮಾಡಬಹುದು. ಆದರೆ ಬರೆದವರ ಜೊತೆ ಚಿತ್ರ ಮಾಡಿದವರ ಹೆಸರೂ ಹೋಗಲೇಬೇಕು ಅನ್ನೋದು ಅದರ ಲೈಸೆನ್ಸಿನ ಷರತ್ತು. ಪುಕ್ಕಟೆ ಕೊಡೋ ಜಾಗದಲ್ಲೇ ಹೆಸರಿಗೆ ಇಷ್ಟು ಬೆಲೆ ಇರುವಾಗ ಮಾರೋ ಪುಸ್ತಕಕ್ಕೆ ಏನು ಕಷ್ಟ?

ಕನ್ನಡ ಪ್ರಕಾಶಕರ ಕಷ್ಟ ನನಗೆ ಅರ್ಥ ಆಗತ್ತೆ. ಸಾವಿರ ಪ್ರತಿ ಹಾಕಿಸಿ, ಅದು ಖರ್ಚಾಗೋಕೆ ವರ್ಷಗಟ್ಟಲೆ ಕಾಯಬೇಕು. ಪಿಜ್ಜಾಕ್ಕೆ ಐನೂರು ಕೊಡೋ ನಾವು ಮಕ್ಕಳ ಪುಸ್ತಕಕ್ಕೆ ನೂರೈವತ್ತು ಅಂದ್ರೆ "ಇಷ್ಟು ತೆಳ್ಳಗಿದೆಯಲ್ಲ" ಅಂತೀವಿ. ಹಾಗಾಗಿ ದುಡ್ಡು ಜಾಸ್ತಿ ಕೊಡಿ ಅಂತ ನಾನು ಮೊದಲು ಕೇಳಲ್ಲ. ಎಷ್ಟು ಸಲ ಬದಲಾವಣೆ, ಅದರ ಮೇಲೆ ಆದ್ರೆ ಎಷ್ಟು, ಅರ್ಧಕ್ಕೆ ನಿಂತ್ರೆ ಎಷ್ಟು, ಹಣ ಯಾವ ತಾರೀಕಿಗೆ, ಹಕ್ಕು ಎಷ್ಟು ವರ್ಷಕ್ಕೆ, ಮುಖಪುಟದಲ್ಲಿ ಹೆಸರು ಎಲ್ಲಿ. ಒಂದು ಎ4 ಹಾಳೆ. ಬರೆಯೋಕೆ ಖರ್ಚೇನೂ ಇಲ್ಲ. ನಮ್ಮ ಕಂಪನಿಗಳಲ್ಲಿ ಒಂದು ಬಟನ್ನಿನ ಬಣ್ಣ ಬದಲಿಸೋಕೂ ಟಿಕೆಟ್ ಕೇಳ್ತೀವಿ, ಮಕ್ಕಳ ಪುಸ್ತಕಕ್ಕೆ ಮಾತ್ರ ಪ್ರೀತಿ ವಿಶ್ವಾಸ ಸಾಕಾ?

ಈಗಂತೂ "ಎಐನಲ್ಲಿ ಮಾಡಿಸಿದೀವಿ, ಸ್ವಲ್ಪ ಕೈ ಸರಿ ಮಾಡಿಕೊಡಿ" ಅಂತ ಆರು ಬೆರಳಿನ ಮಕ್ಕಳ ಚಿತ್ರ ಕಳಿಸೋರೂ ಇದ್ದಾರೆ. ಸರಿ ಮಾಡೋದೂ ಕೆಲಸವೇ ಅಂತ ಆ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸಿದೀವಿ.

ಮೊನ್ನೆ ರಾತ್ರಿ ನಮ್ಮ ಸೈಟಿನ ಆ ಪುಟ ತೆಗೆದು 'ತಂಡ' ಅಳಿಸಿ ಅಕ್ಕನ ಹೆಸರು ಹಾಕಿದೆ, ನಮ್ಮ ನಾಲ್ವರ ಹೆಸರಿಗಿಂತ ಮೇಲೆ. ಆ ಸಂಪಾದಕರಿಗೂ ಒಂದು ಮೇಲ್ ಬರೆದೆ. ನಿಜವಾಗಿಯೂ ಒಂದೇ ಲೈನಿನ ಚೇಂಜು, ನಾಲ್ಕು ನಿಮಿಷದ ಕೆಲಸ. ಎರಡು ವರ್ಷ ತಡ.

ನಿಮ್ಮ ಮನೆಯಲ್ಲಿ ಮಗು ಇದ್ದರೆ ಇವತ್ತು ಕಥೆ ಓದೋ ಮುಂಚೆ ಚಿತ್ರ ಬರೆದವರ ಹೆಸರನ್ನೂ ಜೋರಾಗಿ ಓದಿ. ಹೆಸರು ಸಿಗದಿದ್ರೆ ಪ್ರಕಾಶಕರಿಗೆ ಒಂದು ಮೇಲ್ ಹಾಕಿ ಕೇಳಿ. ನಾನಂತೂ ಕೇಳೋಕೆ ಶುರು ಮಾಡಿದೀನಿ. ನೀವೇನಂತೀರಿ?