ಗಡಿಪಾರು ಶಿಕ್ಷೆಯಲ್ಲ

ಚುನಾವಣೆಯೋ ಹಬ್ಬದ ಮೆರವಣಿಗೆಯೋ ಸಮೀಪಿಸಿತೆಂದರೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಕಾಣಿಸಿಕೊಳ್ಳುವ ಪದವೊಂದುಂಟು, ‘ಗಡಿಪಾರು’. ಅದರ ಬೆನ್ನಿಗೆ ‘ಶಿಕ್ಷೆ’ ಎಂಬುದನ್ನು ಅಂಟಿಸಿ ಆಡುವ, ಬರೆಯುವ ವಾಡಿಕೆಯೂ ಬೆಳೆದಿದೆ. ಈ ಜೋಡಣೆಯನ್ನು ವ್ಯಾಕರಣವು ಕ್ಷಮಿಸೀತು, ನ್ಯಾಯವು ಕ್ಷಮಿಸಲಾರದು.

ಶಿಕ್ಷೆಯೆಂಬುದು, ಅಪರಾಧವು ಜರುಗಿ, ವಿಚಾರಣೆ ನಡೆದು, ಸಾಕ್ಷ್ಯದ ಬಲದಿಂದ ದೋಷವು ಸಿದ್ಧವಾದ ಮೇಲೆ ನ್ಯಾಯಾಲಯವು ವಿಧಿಸತಕ್ಕದ್ದು. 1963ರ ಕರ್ನಾಟಕ ಪೊಲೀಸ್ ಕಾಯಿದೆಯ 55ನೆಯ ಕಲಮಿನ ಮೇರೆಗೆ ಪೊಲೀಸ್ ಆಯುಕ್ತರಾಗಲಿ ಉಪವಿಭಾಗ ದಂಡಾಧಿಕಾರಿಗಳಾಗಲಿ ಹೊರಡಿಸುವ ಗಡಿಪಾರಿನ ಆದೇಶವಾದರೋ, ಬಹಿರಂಗವಾಗಿ ಸಾಕ್ಷಿ ನುಡಿಯಲು ಜನರು ಅಂಜುತ್ತಾರೆಂಬ ಅಧಿಕಾರಿಯ ಅಭಿಪ್ರಾಯವನ್ನು ಆಧಾರವಾಗಿಟ್ಟುಕೊಂಡು, ನೋಟೀಸು ಕೊಟ್ಟು ಸಮಜಾಯಿಷಿ ಕೇಳಿ, ಇನ್ನೂ ನಡೆಯದಿರುವ ಕೃತ್ಯವನ್ನು ತಡೆಯುವುದಕ್ಕಾಗಿ ಮನುಷ್ಯನನ್ನು ಅವನ ಊರಿನಿಂದ ಹೊರಗಿಡುವ ಕ್ರಮ. ದೇಶದಲ್ಲೆಲ್ಲ ಸಂಚರಿಸುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯು ಪ್ರಜೆಗೆ ಕೊಟ್ಟಿದೆಯಷ್ಟೆ; ಮುಂಬಯಿಯ ಇಂಥದೇ ಕಾನೂನನ್ನು 1952ರಲ್ಲಿ ಗುರ್ಬಚನ್ ಸಿಂಗ್ ಮೊಕದ್ದಮೆಯಲ್ಲಿ ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವೇ, 2022ರ ತೀರ್ಪೊಂದರಲ್ಲಿ, ಇದು ಅಸಾಧಾರಣವಾದ ಕ್ರಮವೆಂದೂ ವಿರಳವಾಗಿ ಬಳಸತಕ್ಕದ್ದೆಂದೂ ಎಚ್ಚರಿಸಿದೆ.

ಪದದ ಒಡಲನ್ನೇ ನೋಡೋಣ. ಹೊಳೆಯನ್ನು ಪಾರಾದೆವು, ಗಂಡಾಂತರದಿಂದ ಪಾರಾದೆವು ಎನ್ನುವಲ್ಲಿ ‘ಪಾರು’ ಎಂಬುದು ಬದುಕಿಕೊಂಡವರ ಮಾತು. ಗಡಿಪಾರಿನಲ್ಲಿ ಪಾರಾದವರು ಯಾರು? ಕರಾವಳಿಯ ತಾಲ್ಲೂಕಿನವನೊಬ್ಬನನ್ನು ರಾಯಚೂರು ಸೀಮೆಗೆ ಕಳುಹಿಸಿದರೆ, ಅವನು ದುಷ್ಟನೇ ಆಗಿದ್ದ ಪಕ್ಷದಲ್ಲಿ ರಾಯಚೂರಿನವರು ಮಾಡಿದ ಪಾಪವೇನು? ದುಷ್ಟನಲ್ಲದಿದ್ದ ಪಕ್ಷದಲ್ಲಿ, ದುಡಿಮೆಯನ್ನೂ ಮನೆಮಂದಿಯನ್ನೂ ಬಿಟ್ಟು ಪರಸ್ಥಳದ ಠಾಣೆಯ ಬಾಗಿಲು ಕಾಯುವಂತಾದ ಅವನ ಪಾಪವೇನು? ತಡೆಯಬೇಕಾದದ್ದನ್ನು ಬರಿದೆ ಸಾಗಹಾಕುವುದಕ್ಕೆ ತಡೆಯೆಂದು ಹೆಸರಿಡುವುದು ನನಗಂತೂ ಸಮ್ಮತವಲ್ಲ. ಸಾಕ್ಷಿದಾರನಿಗೆ ಅಭಯ ನೀಡಲಾರದ ಆಡಳಿತವು ಆರೋಪಿಯನ್ನು ಊರು ಬಿಡಿಸಿ ತನ್ನ ಕೊರತೆಯನ್ನು ಮುಚ್ಚಿಕೊಳ್ಳುವುದೂ ಉಂಟೆಂಬುದನ್ನು ಬಲ್ಲವರು ಬಲ್ಲರು.

ಆದುದರಿಂದ ವರದಿಗಾರ ಮಿತ್ರರಲ್ಲಿ ಒಂದು ಬಿನ್ನಹ. ಇಂಥ ಸುದ್ದಿಯನ್ನು ಬರೆಯುವಾಗ ‘ಶಿಕ್ಷೆ’ಯೆಂಬುದನ್ನು ದಯಮಾಡಿ ಹೊಡೆದುಹಾಕಿರಿ, ಆದೇಶದ ಅವಧಿಯನ್ನೂ ಕಾರಣವನ್ನೂ, ಆ ಮನುಷ್ಯನ ಮೇಲೆ ಹೂಡಿದ ಮೊಕದ್ದಮೆಗಳಲ್ಲಿ ಖುಲಾಸೆಯಾದವು ಎಷ್ಟೆಂಬುದನ್ನೂ ಒಂದು ಸಾಲಿನಲ್ಲಾದರೂ ತಿಳಿಸಿರಿ.