ಜಾಗವಿದೆ, ತುಂಬುವವರೆಲ್ಲಿ?

1956ರಲ್ಲಿ ಅಮೆರಿಕದ ಐಬಿಎಂ ಕಂಪನಿ ತಂದ ಮೊದಲ ಹಾರ್ಡ್ ಡಿಸ್ಕ್ ಎರಡಡಿ ಅಗಲದ 50 ತಟ್ಟೆ ಪೇರಿಸಿದ, ಸುಮಾರು ಒಂದು ಟನ್ ತೂಕದ ಬೀರು. ಅದರಲ್ಲಿ ಹಿಡಿಸುತ್ತಿದ್ದುದು ಬರೀ 50 ಲಕ್ಷ ಅಕ್ಷರ! 1980ರಲ್ಲಿ ಸೀಗೇಟ್ ಸುಮಾರು ಅಷ್ಟನ್ನೇ ಕೈಯಲ್ಲಿ ಹಿಡಿಯುವ ಡಬ್ಬಿಗೆ ಇಳಿಸಿತು. 2007ರಲ್ಲಿ ಹಿಟಾಚಿ ಒಂದು ಟೆರಾಬೈಟ್, ಅಂದರೆ ಲಕ್ಷ ಕೋಟಿ ಬೈಟಿನ ಡಿಸ್ಕ್ ತಂದಿತು. ತಟ್ಟೆ ದೊಡ್ಡದಾಗಲಿಲ್ಲ; ಅದರ ಮೇಲಿನ ಕಾಂತದ ಚುಕ್ಕೆ ಚಿಕ್ಕದಾಯಿತು. ಆ ಚುಕ್ಕೆಯನ್ನು ಓದುವ ದಾರಿ ತೆರೆದ ಆಲ್ಬೆರ್ ಫೆರ್, ಪೀಟರ್ ಗ್ರೂನ್‌ಬರ್ಗ್ ಅವರಿಗೆ ಅದೇ ವರ್ಷ ನೊಬೆಲ್ ಬಂತು.

ಈಗ ನಮ್ಮ ಲೆಕ್ಕ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟ್, ನಮ್ಮ 'ಕ'ಕ್ಕೆ ಮೂರು. 'ಕನ್ನಡ' ಎಂದು ಬರೆದರೆ 15. ಕನ್ನಡ ಜಾಗ ತಿನ್ನುತ್ತದೆ ಎಂದು ಮೂಗು ಮುರಿಯುವವರು ಕೇಳಲಿ: ಪುಟಕ್ಕೆ 1,500 ಸಂಕೇತ ಹಿಡಿದರೂ 300 ಪುಟದ ಕಾದಂಬರಿ 14 ಲಕ್ಷ ಬೈಟ್ ದಾಟದು. ಒಂದು ಟೆರಾಬೈಟಿನಲ್ಲಿ ಏಳು ಲಕ್ಷ ಕಾದಂಬರಿ!

ಹಾಗಾದರೆ ಜಾಗವಿಲ್ಲವೆಂಬ ನೆಪ ಯಾರಿಗೂ ಉಳಿದಿಲ್ಲ. ನಮಗೂ ಇಲ್ಲ. ನಿಮ್ಮ ಡಿಸ್ಕ್ ತೆರೆದು ನೋಡಿ. ಸಿನಿಮಾ ಎಷ್ಟು, ಅಜ್ಜಿಯ ಹಾಡು ಎಷ್ಟು? ಅಪ್ಪನ ಡೈರಿ, ಊರಿನ ಹಳೇ ಕಾಗದಪತ್ರ ಗೆದ್ದಲಿಗೆ ಸಿಗುವ ಮುನ್ನ ಸ್ಕ್ಯಾನ್ ಮಾಡಿ, ಬೆರಳಚ್ಚು ಮಾಡಿ. ಡಿಸ್ಕೂ ಒಂದು ದಿನ ಕೈಕೊಡುತ್ತದೆ. ಎರಡು ಪ್ರತಿ ಇಡಿ. ಜಾಗ ಮಾಡಿಕೊಟ್ಟವರು ವಿಜ್ಞಾನಿಗಳು. ತುಂಬಬೇಕಾದವರು ನಾವು.